ಒಂದು ಜೋಡಿ ಸ್ಪೀಕರ್, ಇಬ್ಬರು ಒಡೆಯರು

ನಮ್ಮ ಮನೆಗಳ ಹಾಲ್‌ನಲ್ಲಿ ಟಿವಿಯ ಎಡಕ್ಕೊಂದು ಬಲಕ್ಕೊಂದು ದೊಡ್ಡ ಸ್ಪೀಕರ್ ಇಡಲು ಜಾಗ ಸಿಕ್ಕರೆ ಅದೇ ಹೆಚ್ಚು. ಇನ್ನೊಂದು ಜೋಡಿಗೆ ಜಾಗವಿರುವುದಿಲ್ಲ. ಹಾಗಾಗಿ ಸಿನಿಮಾಕ್ಕೂ ಅದೇ ಜೋಡಿ, ಸಂಗೀತಕ್ಕೂ ಅದೇ ಜೋಡಿ. ತೊಡಕು ಶುರುವಾಗುವುದು ಆ ಸ್ಪೀಕರ್‌ಗಳ ಹಿಂದೆ ಕೂರುವ ಪೆಟ್ಟಿಗೆಗಳಲ್ಲಿ. ಸಿನಿಮಾಕ್ಕೆ ಎವಿ ರಿಸೀವರ್ ಬೇಕು. ಎಚ್‌ಡಿಎಂಐ ಕೇಬಲ್‌ನಲ್ಲಿ ಬರುವ ಡಾಲ್ಬಿ, ಡಿಟಿಎಸ್ ಧ್ವನಿಯನ್ನು ಬಿಡಿಸಿ ಐದೋ ಏಳೋ ಸ್ಪೀಕರ್‌ಗಳಿಗೆ ಹಂಚುವುದು ಅದರ ಕೆಲಸ. ಮನಸ್ಸಿಟ್ಟು ಸಂಗೀತ ಕೇಳುವವರಿಗೆ ಸ್ಟೀರಿಯೊ ಪ್ರೀಆಂಪ್ ಬೇಕು. ರೆಕಾರ್ಡ್ ಪ್ಲೇಯರ್, ಸಿಡಿ ಪ್ಲೇಯರ್, ಸ್ಟ್ರೀಮರ್ ಇವುಗಳಲ್ಲಿ ಒಂದನ್ನು ಆರಿಸಿ, ವಾಲ್ಯೂಮ್ ಹೊಂದಿಸಿ, ಪವರ್ ಆಂಪ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಈ ಎರಡೂ ಒಂದೇ ಜೋಡಿ ಸ್ಪೀಕರನ್ನು ಜಗಳವಿಲ್ಲದೆ ಆಳುವುದು ಹೇಗೆ?

ಯಾವ ಹೊತ್ತಿನಲ್ಲೇ ಆಗಲಿ, ವಾಲ್ಯೂಮ್ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ನನ್ನ ಪ್ರಕಾರ ಇಡೀ ಜೋಡಣೆಯ ಮರ್ಮ ಇಷ್ಟೇ. ಸಿನಿಮಾ ನಡೆಯುವಾಗ ರಿಸೀವರ್ ಕೈಯಲ್ಲಿ, ಸಂಗೀತ ನಡೆಯುವಾಗ ಪ್ರೀಆಂಪ್ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಹಿಡಿದರೆ ಸ್ಪೀಕರ್ ಸುಡಬಹುದು, ಇಲ್ಲವೇ ಮಧ್ಯದ ಸ್ಪೀಕರ್‌ನ ಮಾತಿಗೂ ಎಡಬಲದ ಸಂಗೀತಕ್ಕೂ ತಾಳಮೇಳ ತಪ್ಪಬಹುದು.

ಸ್ಟೀರಿಯೊ ಮತ್ತು ಸಿನಿಮಾ ಬೇರೆ ಬೇರೆ ಕುಲದವು ಎಂಬ ಭಾವನೆ ಹೈಫೈ ವಲಯದಲ್ಲಿ ಗಟ್ಟಿಯಾಗಿದೆ. ಹುಟ್ಟು ನೋಡಿದರೆ ಹಾಗಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ತಮ್ಮ ಭಾವಿ ಪತ್ನಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ಕೊನೆಯಲ್ಲಿದ್ದರೂ ದನಿ ಇನ್ನೆಲ್ಲಿಂದಲೋ ಬರುವುದನ್ನು ಕಂಡು, ದನಿಯೂ ನಟನ ಹಿಂದೆಯೇ ನಡೆಯುವಂತೆ ಮಾಡುತ್ತೇನೆ ಎಂದಿದ್ದರಂತೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಸಲ್ಲಿಸಿದ ಪೇಟೆಂಟ್ ಅರ್ಜಿ ಇಂದಿನ ಸ್ಟೀರಿಯೊಕ್ಕೆ ತಳಪಾಯ. ಮುಂದೆ ಮನೆಯ ಸ್ಟೀರಿಯೊ ಎಲ್‌ಪಿ ರೆಕಾರ್ಡ್‌ಗಳ ದಾರಿ ಹಿಡಿಯಿತು, ಚಿತ್ರಮಂದಿರದ ಧ್ವನಿ ಸುತ್ತಲಿನ ಸ್ಪೀಕರ್‌ಗಳ ದಾರಿ ಹಿಡಿಯಿತು. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್, ತೊಂಬತ್ತರ ದಶಕದ ಡಿವಿಡಿ, 2014ರಿಂದ ಅಟ್ಮಾಸ್, ಹೀಗೆ ಸಿನಿಮಾ ಮತ್ತೆ ಮನೆಯೊಳಗೆ ಬಂದು ಸ್ಟೀರಿಯೊ ಪಕ್ಕದಲ್ಲೇ ಕೂತಿತು.

ಪ್ರೀಆಂಪ್ ಬೇಕೇ ಬೇಕೇ? ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವುದು ಓದುಗರಿಗೆ ಮಾಡುವ ಅನ್ಯಾಯ. ಇಂದಿನ ಒಳ್ಳೆಯ ರಿಸೀವರ್‌ಗಳ ಧ್ವನಿ ಮೂವತ್ತು ವರ್ಷದ ಹಿಂದಿನಂತಿಲ್ಲ. ಫೋನಿನಲ್ಲಿ ಹಾಡು ಹಚ್ಚಿ, ಅಡುಗೆ ಮಾಡುತ್ತಾ ಕೇಳುವವರಿಗೆ ರಿಸೀವರ್ ಒಂದೇ ಧಾರಾಳ ಸಾಕು. ಪ್ರೀಆಂಪ್‌ಗೆ ಹಾಕುವ ದುಡ್ಡನ್ನು ಇನ್ನೂ ಒಳ್ಳೆಯ ಸ್ಪೀಕರ್‌ಗೋ, ಕೋಣೆಯ ಪರದೆ, ಜಮಖಾನೆ, ಪುಸ್ತಕದ ಕಪಾಟಿಗೋ ಹಾಕಿದರೆ ಕಿವಿಗೆ ಹೆಚ್ಚು ಲಾಭ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೂ ಪ್ರೀಆಂಪ್‌ಗೆ ನ್ಯಾಯವಾದ ಕಾರಣಗಳಿವೆ. ಅದರಲ್ಲಿ ದೊಡ್ಡದು ಎಲ್‌ಪಿ ರೆಕಾರ್ಡ್. ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳು ಹುಟ್ಟಿಸುವ ವಿದ್ಯುತ್ ತೀರಾ ಸಣ್ಣದು, ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಸುಮಾರು 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸುವುದರ ಜೊತೆಗೆ, ರೆಕಾರ್ಡ್ ಕೊರೆಯುವಾಗ ಬೇಕೆಂದೇ ತಗ್ಗಿಸಿದ ಮಂದ್ರವನ್ನು ಏರಿಸಬೇಕು, ಏರಿಸಿದ ತಾರವನ್ನು ತಗ್ಗಿಸಬೇಕು. ಆರ್‌ಐಎಎ ಎಂಬ ಈ ತಿದ್ದುಪಡಿ 20 ಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 20 ಡೆಸಿಬೆಲ್ ಏರಿಕೆ, 20,000 ಹರ್ಟ್ಸ್‌ನಲ್ಲಿ ಅಷ್ಟೇ ಇಳಿಕೆ. ಇಷ್ಟು ನವಿರಾದ ಕೆಲಸಕ್ಕೆ ಅದಕ್ಕೆಂದೇ ಕಟ್ಟಿದ ಫೋನೊ ಸ್ಟೇಜ್ ಇರುವ ಪ್ರೀಆಂಪ್ ನಿಜಕ್ಕೂ ಹಿತ. ರಿಸೀವರ್‌ನಲ್ಲಿ ಫೋನೊ ಜ್ಯಾಕ್ ಇದ್ದರೂ, ಒಳಗೆ ಬಂದ ಅನಲಾಗ್ ಸಂಕೇತವನ್ನು ಅದು ಸಾಮಾನ್ಯವಾಗಿ ಡಿಜಿಟಲ್ ಮಾಡಿ, ಕೋಣೆಗೆ ತಕ್ಕಂತೆ ತಿದ್ದಿ, ಮತ್ತೆ ಅನಲಾಗ್ ಮಾಡಿ ಹೊರಗೆ ಕಳಿಸುತ್ತದೆ. ಡೈರೆಕ್ಟ್ ಎಂಬ ಬಟನ್ ಒತ್ತಿದರೆ ಕೆಲವು ಮಾಡೆಲ್‌ಗಳಲ್ಲಿ ಈ ಸುತ್ತು ತಪ್ಪುತ್ತದೆ.

ಇನ್ನೊಂದು ಕಾರಣ ಪವರ್. ರಿಸೀವರ್ ಡಬ್ಬಿಯ ಮೇಲೆ ಬರೆದ ವ್ಯಾಟ್ ಹೆಚ್ಚಾಗಿ ಎರಡು ಚಾನೆಲ್ ಮಾತ್ರ ದುಡಿಯುವಾಗಿನ ಲೆಕ್ಕ. ಏಳೂ ಚಾನೆಲ್ ಒಟ್ಟಿಗೆ ದುಡಿದರೆ ಒಂದೇ ಟ್ರಾನ್ಸ್‌ಫಾರ್ಮರ್ ಎಲ್ಲರಿಗೂ ಹಂಚಬೇಕು, ತಲಾ ಪಾಲು ಇಳಿಯುತ್ತದೆ. ಎಡಬಲದ ದೊಡ್ಡ ಸ್ಪೀಕರ್‌ಗಳ ಭಾರವನ್ನು ಬೇರೆ ಪವರ್ ಆಂಪ್‌ಗೆ ಹೊರಿಸಿದರೆ ರಿಸೀವರ್‌ಗೂ ಉಸಿರು ಬಿಡಲು ಆಗುತ್ತದೆ. ಅಂದರೆ ಈ ಜೋಡಣೆಯಿಂದ ಸಿನಿಮಾಕ್ಕೂ ಲಾಭವುಂಟು.

ಈಗ ತಂತಿಯ ವಿಷಯಕ್ಕೆ ಬರೋಣ. ರಿಸೀವರ್‌ನ ಹಿಂಬದಿಯಲ್ಲಿ ಪ್ರೀ-ಔಟ್ ಎಂದು ಬರೆದ ಜ್ಯಾಕ್‌ಗಳಿವೆಯೇ ನೋಡಿ. ಅಗ್ಗದ ಮಾಡೆಲ್‌ಗಳಲ್ಲಿ ಸಬ್‌ವೂಫರ್‌ಗೆ ಮಾತ್ರ ಇರುತ್ತದೆ. ನಮಗೆ ಬೇಕಾದ್ದು ಫ್ರಂಟ್ ಎಡ, ಫ್ರಂಟ್ ಬಲ. ಅಲ್ಲಿಂದ ಎರಡು ಆರ್‌ಸಿಎ ಕೇಬಲ್ ಪ್ರೀಆಂಪ್‌ನ ಬೈಪಾಸ್ ಇನ್‌ಪುಟ್‌ಗೆ. ಪ್ರೀಆಂಪ್‌ನ ಔಟ್‌ಪುಟ್ ಪವರ್ ಆಂಪ್‌ಗೆ. ಪವರ್ ಆಂಪ್‌ನಿಂದ ಎಡಬಲದ ಸ್ಪೀಕರ್‌ಗೆ. ಮಧ್ಯದ ಸ್ಪೀಕರ್, ಹಿಂದಿನವು, ಮೇಲ್ಛಾವಣಿಯವು ಎಲ್ಲ ರಿಸೀವರ್‌ನಲ್ಲೇ ಇರಲಿ. ಎಚ್‌ಡಿಎಂಐ ಸಂಬಂಧದ ಟಿವಿ, ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ, ಗೇಮ್ ಎಲ್ಲ ರಿಸೀವರ್‌ಗೆ. ರೆಕಾರ್ಡ್ ಪ್ಲೇಯರ್, ಸಿಡಿ, ಸ್ಟ್ರೀಮರ್ ಪ್ರೀಆಂಪ್‌ಗೆ. ಕೆಲಸದ ಹಂಚಿಕೆ ಇಷ್ಟು ಸ್ಪಷ್ಟವಾಗಿದ್ದರೆ ಸಂಗೀತ ಕೇಳುವಾಗ ರಿಸೀವರ್ ಆಫ್ ಆಗಿಯೇ ಇರಬಹುದು.

ಬೈಪಾಸ್ ಇನ್‌ಪುಟ್ ಎಂದರೆ ವಾಲ್ಯೂಮ್ ನಾಬ್ ಕೆಲಸ ಮಾಡದ ಇನ್‌ಪುಟ್. ಒಳಗೆ ಒಂದು ವೋಲ್ಟ್ ಬಂದರೆ ಹೊರಗೂ ಒಂದು ವೋಲ್ಟೇ ಹೋಗುತ್ತದೆ, ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ: ಎಚ್‌ಟಿ ಬೈಪಾಸ್, ಯೂನಿಟಿ ಗೇನ್, ಪ್ರೊಸೆಸರ್ ಇನ್‌ಪುಟ್, ಪಾಸ್ ಥ್ರೂ. ಹೆಸರು ಯಾವುದಾದರೂ ಕೇಳಬೇಕಾದ ಪ್ರಶ್ನೆ ಒಂದೇ, ಪ್ರೀಆಂಪ್ ಆಫ್ ಇದ್ದಾಗಲೂ ಈ ದಾರಿ ತೆರೆದಿರುತ್ತದೆಯೇ? ಕೆಲವದರಲ್ಲಿ ಒಳಗಿನ ರಿಲೇ ಇನ್‌ಪುಟ್ಟನ್ನು ನೇರವಾಗಿ ಔಟ್‌ಪುಟ್‌ಗೆ ಸೇರಿಸಿಬಿಡುತ್ತದೆ, ಕರೆಂಟೇ ಬೇಡ. ಕೆಲವದರಲ್ಲಿ ಸಂಕೇತ ಒಳಗಿನ ಸರ್ಕ್ಯೂಟ್ ಹಾದೇ ಹೋಗುತ್ತದೆ, ಹಾಗಾಗಿ ಸಿನಿಮಾ ನೋಡುವಾಗಲೂ ಪ್ರೀಆಂಪ್ ಆನ್ ಇರಬೇಕು. ವಾಲ್ವ್ ಪ್ರೀಆಂಪ್ ಕೊಳ್ಳುವವರು ಮೊದಲ ಬಗೆಯದನ್ನೇ ಹುಡುಕಬೇಕೆಂದು ನಾನು ಒತ್ತಿ ಹೇಳುತ್ತೇನೆ. ದಿನವಿಡೀ ಟಿವಿ ಧಾರಾವಾಹಿಗೂ ಕ್ರಿಕೆಟ್‌ಗೂ ವಾಲ್ವ್ ಉರಿಸಿ ಅದರ ಆಯಸ್ಸು ಸವೆಸುವುದರಲ್ಲಿ ಅರ್ಥವಿಲ್ಲ.

ಇದೇ ಬೈಪಾಸ್ ಜ್ಯಾಕ್‌ನಲ್ಲಿ ಒಂದು ಅಪಾಯವೂ ಇದೆ. ಅಲ್ಲಿ ವಾಲ್ಯೂಮ್ ಇಲ್ಲ ಎಂಬುದನ್ನು ಮರೆತು ಯಾರಾದರೂ ಸಿಡಿ ಪ್ಲೇಯರನ್ನು ಅದಕ್ಕೆ ಚುಚ್ಚಿದರೆ ಏನಾದೀತು, ಲೆಕ್ಕ ಹಾಕಿ ನೋಡಿ. ಸಿಡಿ ಪ್ಲೇಯರ್ ತುಂಬು ಮಟ್ಟದಲ್ಲಿ 2 ವೋಲ್ಟ್ ಕೊಡುತ್ತದೆ. ಪವರ್ ಆಂಪ್ ಸುಮಾರು 28 ಪಟ್ಟು ಹಿಗ್ಗಿಸುತ್ತದೆ ಅನ್ನೋಣ, 29 ಡೆಸಿಬೆಲ್ ಗೇನ್ ಎಂದರೆ ಅಷ್ಟು. ಒಂದು ವೋಲ್ಟ್ ಬಂದಾಗಲೇ 28 ವೋಲ್ಟ್, 8 ಓಮ್ ಸ್ಪೀಕರ್‌ನಲ್ಲಿ ಸುಮಾರು 100 ವ್ಯಾಟ್. 2 ವೋಲ್ಟ್ ಬಂದರೆ ಕೇಳುವುದು 400 ವ್ಯಾಟ್. ನೂರು ವ್ಯಾಟ್‌ನ ಆಂಪ್ ಅಷ್ಟು ಕೊಡಲಾರದೆ ಅಲೆಯ ತಲೆಯನ್ನೇ ಕತ್ತರಿಸಿ ಕಳಿಸುತ್ತದೆ. ಮೊದಲು ಹೋಗುವುದು ಟ್ವೀಟರ್. ಆದ್ದರಿಂದ ಆ ಜ್ಯಾಕ್‌ನ ಮೇಲೆ ಕೆಂಪು ಟೇಪ್ ಅಂಟಿಸಿ ‘ರಿಸೀವರ್ ಮಾತ್ರ’ ಎಂದು ಬರೆದಿಡುವುದು ಒಳ್ಳೆಯದು. ಮನೆ ಬದಲಾಯಿಸುವಾಗ ಎಲ್ಲ ಕಳಚಿ ಮತ್ತೆ ಜೋಡಿಸುವವರು ನೀವೇ ಆಗಿರಬೇಕೆಂದಿಲ್ಲ.

ಬೈಪಾಸ್ ಇಲ್ಲದ ಪ್ರೀಆಂಪ್ ಇದ್ದವರೇ ಹೆಚ್ಚು, ಅದರಲ್ಲೂ ಹಳೆಯ ಒಳ್ಳೆಯ ಪ್ರೀಆಂಪ್‌ಗಳನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡವರು. ಅವರಿಗೂ ದಾರಿಯಿದೆ. ಆಕ್ಸ್ ಅಥವಾ ಟೇಪ್ ಎಂದು ಬರೆದ ಯಾವುದಾದರೊಂದು ಲೈನ್ ಇನ್‌ಪುಟ್‌ಗೆ ರಿಸೀವರ್‌ನ ಪ್ರೀ-ಔಟ್ ಹಾಕಿ, ಸಿನಿಮಾ ಹೊತ್ತಿಗೆ ಪ್ರೀಆಂಪ್‌ನ ವಾಲ್ಯೂಮನ್ನು ಗುರುತು ಮಾಡಿದ ಒಂದೇ ಜಾಗದಲ್ಲಿ ನಿಲ್ಲಿಸುವುದು. ಆ ಜಾಗವನ್ನು ಅಂದಾಜಿಗೆ ಬಿಡಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಅಳೆದೇ ಹಿಡಿಯಬಹುದು. ಪವರ್ ಆಂಪ್ ಪೂರ್ತಿ ಆಫ್ ಮಾಡಿ. ರಿಸೀವರ್‌ಗೆ ಯುಎಸ್‌ಬಿಯಲ್ಲಿ 200 ಹರ್ಟ್ಸ್‌ನ ಟೆಸ್ಟ್ ಟೋನ್ ಕೊಟ್ಟು ಸ್ಟೀರಿಯೊದಲ್ಲಿ ನುಡಿಸಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಪ್ರೀಆಂಪ್‌ಗೆ ಹೋಗುವ ಕೇಬಲ್‌ನ ತುದಿ ಕಳಚಿ, ನಡುವಿನ ಪಿನ್‌ಗೂ ಹೊರಗಿನ ಬಳೆಗೂ ಮೀಟರ್ ಮುಟ್ಟಿಸಿದರೆ ಒಂದು ಸಂಖ್ಯೆ ಸಿಗುತ್ತದೆ, 300 ಮಿಲಿವೋಲ್ಟ್ ಅನ್ನಿ. ಕೇಬಲ್ ಮತ್ತೆ ಸಿಕ್ಕಿಸಿ, ಈಗ ಪ್ರೀಆಂಪ್‌ನಿಂದ ಹೊರಬರುವ ಕೇಬಲ್‌ನ ತುದಿಯಲ್ಲಿ ಅಳೆಯುತ್ತಾ ನಾಬನ್ನು ನಿಧಾನಕ್ಕೆ ತಿರುಗಿಸಿ. ಅಲ್ಲೂ 300 ಬಂದ ಕಡೆ ನಿಲ್ಲಿಸಿ. ಅದೇ ನಿಮ್ಮ ಮನೆಯ ಯೂನಿಟಿ ಗೇನ್. ನಾಬಿನ ಎದುರು ಸಣ್ಣ ಚುಕ್ಕಿ ಅಂಟಿಸಿ, ಅಂಕಿ ತೋರಿಸುವ ಪ್ರೀಆಂಪ್ ಆದರೆ ಅಂಕಿ ಬರೆದಿಡಿ. ಎಡ ಬಲ ಎರಡನ್ನೂ ಅಳೆಯುವುದನ್ನು ಮರೆಯಬೇಡಿ. ಹಳೆಯ ನಾಬುಗಳಲ್ಲಿ ಎರಡು ಚಾನೆಲ್ ಸಮ ಇರುವುದಿಲ್ಲ, ಕೆಳಗಿನ ಮಟ್ಟದಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ.

ಈ ಉಪಾಯದ ದುರ್ಬಲ ಜಾಗ ಮನುಷ್ಯರ ಮರೆವು. ರಾತ್ರಿ ಮೆಲ್ಲಗೆ ಹಾಡು ಕೇಳಿ ನಾಬ್ ಇಳಿಸಿಟ್ಟವರು ಮರುದಿನ ಸಿನಿಮಾ ಹಾಕಿದರೆ ಎಡಬಲ ಸತ್ತಂತಿರುತ್ತವೆ, ಮಾತು ಮಾತ್ರ ಕೇಳುತ್ತದೆ. ಅದು ಬರೀ ಕಿರಿಕಿರಿ. ಅದಕ್ಕೆ ತಿರುಗುಮುರುಗು ನಿಜವಾದ ಅಪಾಯ: ಸಿನಿಮಾಕ್ಕೆಂದು ಚುಕ್ಕಿಯವರೆಗೆ ಏರಿಸಿದ ನಾಬ್ ಹಾಗೇ ಉಳಿದು, ಇನ್‌ಪುಟ್ ಸಿಡಿಗೆ ಬದಲಾದರೆ ಮೇಲಿನ ಲೆಕ್ಕದಂತೆ 2 ವೋಲ್ಟ್ ನೇರ ಪವರ್ ಆಂಪ್‌ಗೆ ಹೋಗುತ್ತದೆ. ನಮ್ಮಲ್ಲಿ ಕರೆಂಟಿನದೂ ಒಂದು ಕಾಟ. ಹೋಗಿ ಬಂದ ಮೇಲೆ ಕೆಲವು ಪ್ರೀಆಂಪ್‌ಗಳು ಹಿಂದಿನ ವಾಲ್ಯೂಮ್ ಮರೆತು ತಮ್ಮದೇ ಮಟ್ಟದಲ್ಲಿ ಏಳುತ್ತವೆ. ಒಂದೊಂದು ಇನ್‌ಪುಟ್‌ಗೂ ಬೇರೆ ವಾಲ್ಯೂಮನ್ನು ನೆನಪಿಡುವ, ಅಥವಾ ಒಂದು ಇನ್‌ಪುಟ್ಟನ್ನು ನಿಗದಿ ಮಟ್ಟಕ್ಕೆ ಕಟ್ಟಿಹಾಕಲು ಬಿಡುವ ಪ್ರೀಆಂಪ್ ಆದರೆ ಈ ಚಿಂತೆಗಳು ಬಹುಪಾಲು ಕಳೆಯುತ್ತವೆ. ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಆ ಸೌಲಭ್ಯ ಅಡಗಿರುವುದುಂಟು, ಓದಿ ನೋಡಿ.

ಪ್ರೀಆಂಪ್ ಮತ್ತು ಪವರ್ ಆಂಪ್ ಒಂದೇ ಪೆಟ್ಟಿಗೆಯಲ್ಲಿರುವ ಇಂಟಿಗ್ರೇಟೆಡ್ ಆಂಪ್ ಇದ್ದರೂ ಇದೇ ತತ್ವ. ಮೇನ್ ಇನ್ ಅಥವಾ ಪವರ್ ಆಂಪ್ ಇನ್ ಎಂಬ ಜ್ಯಾಕ್ ಇದ್ದರೆ ಅದೇ ಬೈಪಾಸ್. ರಿಸೀವರ್‌ನಲ್ಲಿ ಪ್ರೀ-ಔಟೇ ಇಲ್ಲದಿದ್ದರೆ ಎರಡು ದಾರಿಗಳುಂಟು. ಸ್ಪೀಕರ್‌ಗೆ ಹೋಗುವ ಸಂಕೇತವನ್ನು ಲೈನ್ ಮಟ್ಟಕ್ಕೆ ಇಳಿಸುವ ಪುಟ್ಟ ಕನ್ವರ್ಟರ್ ಒಂದು, ಕಾರಿನ ಆಂಪ್ ಹಾಕುವವರು ಬಳಸುವಂಥದ್ದು. ಎರಡು ಆಂಪ್‌ಗಳ ನಡುವೆ ಸ್ಪೀಕರನ್ನು ಅತ್ತಿತ್ತ ಮಾಡುವ ಸ್ವಿಚ್ ಬಾಕ್ಸ್ ಇನ್ನೊಂದು. ಎರಡರಲ್ಲೂ ನನಗೆ ಪೂರ್ತಿ ಮನಸ್ಸಿಲ್ಲ. ಸ್ವಿಚ್ ಬಾಕ್ಸ್ ಹಾಕುವುದೇ ಆದರೆ ಒಂದನ್ನು ಪೂರ್ತಿ ಬಿಡಿಸಿದ ಮೇಲೆಯೇ ಇನ್ನೊಂದನ್ನು ಸೇರಿಸುವ, ನೆಗೆಟಿವ್ ತಂತಿಯನ್ನೂ ಸೇರಿಸಿ ಬದಲಿಸುವ ಬಾಕ್ಸ್ ಆಗಿರಲಿ. ಎರಡು ಆಂಪ್‌ಗಳ ಔಟ್‌ಪುಟ್ ಕ್ಷಣ ಮಾತ್ರ ಒಂದಕ್ಕೊಂದು ತಾಗಿದರೂ ಒಂದರ ಕಥೆ ಮುಗಿಯಬಹುದು. ಇದೇ ಕಾರಣಕ್ಕೆ, ರಿಸೀವರ್ ಮತ್ತು ಪ್ರೀಆಂಪ್‌ಗಳ ಔಟ್‌ಪುಟ್‌ಗಳನ್ನು ವೈ ಆಕಾರದ ಕೇಬಲ್‌ನಲ್ಲಿ ಕೂಡಿಸಿ ಪವರ್ ಆಂಪ್‌ಗೆ ಕೊಡುವ ಸುಲಭೋಪಾಯವೂ ಬೇಡ. ಒಂದು ಔಟ್‌ಪುಟ್ಟನ್ನು ಎರಡು ಕಡೆ ಹಂಚಬಹುದು, ಎರಡು ಔಟ್‌ಪುಟ್‌ಗಳನ್ನು ಹಾಗೇ ಒಂದಾಗಿಸಬಾರದು. ಪ್ರೀಆಂಪ್‌ನ ಟೇಪ್ ಔಟ್‌ನಿಂದ ರಿಸೀವರ್‌ಗೆ ಇನ್ನೊಂದು ಕೇಬಲ್ ಎಳೆಯುವವರೂ ಇದ್ದಾರೆ, ರೆಕಾರ್ಡನ್ನು ಎಲ್ಲ ಸ್ಪೀಕರ್‌ನಲ್ಲೂ ಕೇಳುವ ಆಸೆಗೆ. ಆಗ ದನಿ ರಿಸೀವರ್‌ನಿಂದ ಪ್ರೀಆಂಪ್‌ಗೆ, ಅಲ್ಲಿಂದ ಮತ್ತೆ ರಿಸೀವರ್‌ಗೆ ಸುತ್ತಿ ಸಭೆಯ ಮೈಕ್ ಕಿರುಚಿದಂತೆ ಕಿರುಚುವ ಸಾಧ್ಯತೆಯಿದೆ. ಆ ಕೇಬಲ್ ಇಲ್ಲದಿದ್ದರೆ ಕಳೆದುಕೊಳ್ಳುವುದು ಬಹಳ ಕಡಿಮೆ.

ತಂತಿ ಎಲ್ಲ ಕೂತ ಮೇಲೆ ರಿಸೀವರ್‌ನ ಮೈಕನ್ನು ಕೂರುವ ಜಾಗದಲ್ಲಿಟ್ಟು ಕ್ಯಾಲಿಬ್ರೇಶನ್ ಮತ್ತೊಮ್ಮೆ ಮಾಡಲೇಬೇಕು, ಬೈಪಾಸ್ ಆನ್ ಇಟ್ಟುಕೊಂಡು. ಎಡಬಲಕ್ಕೆ ಈಗ ಬೇರೆ ಆಂಪ್, ಅದರ ಗೇನ್ ಬೇರೆ. ಹಳೆಯ ಅಳತೆಗಳು ಸುಳ್ಳಾಗಿರುತ್ತವೆ. ಮುಗಿದ ಮೇಲೆ ಬಂದ ಅಂಕಿಗಳನ್ನು ಒಪ್ಪಿಕೊಂಡು ಎದ್ದುಬಿಡದೆ ಒಮ್ಮೆ ಓದಿ. ಎಡಬಲದ ಮಟ್ಟ ಮೈನಸ್ 12 ಡೆಸಿಬೆಲ್ ತೋರಿಸುತ್ತಿದ್ದರೆ, ಹೆಚ್ಚಿನ ರಿಸೀವರ್‌ಗಳಲ್ಲಿ ಅದೇ ಕೊನೆ, ಇನ್ನೂ ಇಳಿಸಬೇಕಿತ್ತು, ಆಗಲಿಲ್ಲ ಎಂದು ಅರ್ಥ. ಪವರ್ ಆಂಪ್‌ನಲ್ಲಿ ಗೇನ್ ಸ್ವಿಚ್ ಇದ್ದರೆ ಇಳಿಸಿ. ಚುಕ್ಕಿ ಅಂಟಿಸಿದವರು ಚುಕ್ಕಿಯನ್ನು ಕೆಳಕ್ಕೆ ಸರಿಸಿ ಮತ್ತೆ ಅಳೆಯಿರಿ. ಕೈಯಿಂದಲೇ ಪರೀಕ್ಷಿಸುವುದಾದರೆ ರಿಸೀವರ್‌ನ ಟೆಸ್ಟ್ ಟೋನ್ ಹಾಕಿ, ಧ್ವನಿ ಮೀಟರನ್ನು ಸಿ-ವೇಟಿಂಗ್, ಸ್ಲೋ ಮಟ್ಟದಲ್ಲಿಟ್ಟು, ಒಂದೊಂದು ಸ್ಪೀಕರ್‌ನಿಂದಲೂ ಕೂರುವ ಜಾಗದಲ್ಲಿ 75 ಡೆಸಿಬೆಲ್ ಬರುವಂತೆ ಹೊಂದಿಸಬೇಕು. ಫೋನಿನ ಆ್ಯಪ್ ಖಚಿತ ಅಳತೆ ಕೊಡದಿದ್ದರೂ ಎಲ್ಲ ಸ್ಪೀಕರ್ ಸಮ ಇವೆಯೇ ಎಂದು ಹೋಲಿಸಲು ಸಾಕಾಗುತ್ತದೆ.

ಕ್ಯಾಲಿಬ್ರೇಶನ್ ಕೊಡುವ ಸ್ಪೀಕರ್ ದೂರದ ಅಂಕಿಯೂ ಒಂದು ಗುಟ್ಟು ಹೇಳುತ್ತದೆ. ಟೇಪ್ ಹಿಡಿದು ಅಳೆದರೆ ಸ್ಪೀಕರ್ 3 ಮೀಟರ್ ದೂರ, ರಿಸೀವರ್ ಮಾತ್ರ 4 ಮೀಟರ್ ಅನ್ನುತ್ತದೆ ಅನ್ನಿ. ಮೈಕ್ ತಪ್ಪಿದೆ ಎಂದು ಅದನ್ನು ತಿದ್ದಬೇಡಿ. ಈಚಿನ ಕೆಲವು ಸ್ಟೀರಿಯೊ ಪೆಟ್ಟಿಗೆಗಳು ಒಳಬಂದ ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡಿ ಸಂಸ್ಕರಿಸುತ್ತವೆ, ಅದಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಧ್ವನಿ ಒಂದು ಮಿಲಿಸೆಕೆಂಡ್‌ನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಮೂರು ಮಿಲಿಸೆಕೆಂಡ್ ತಡವಾದರೆ ಸ್ಪೀಕರ್ ಒಂದು ಮೀಟರ್ ಹಿಂದೆ ಸರಿದಂತೆ. ರಿಸೀವರ್ ಉಳಿದ ಸ್ಪೀಕರ್‌ಗಳನ್ನು ಅದಕ್ಕೆ ತಕ್ಕಂತೆ ತಡಮಾಡಿ ಹೊಂದಿಸಿಕೊಂಡಿರುತ್ತದೆ. ಪೂರ್ತಿ ಅನಲಾಗ್ ಪ್ರೀಆಂಪ್‌ನಲ್ಲಿ ಈ ಮಾತೇ ಬರುವುದಿಲ್ಲ. ಅಲ್ಲಿ ನೋಡಬೇಕಾದ್ದು ಪೋಲಾರಿಟಿ. ಕೆಲವು ಪ್ರೀಆಂಪ್‌ಗಳು, ವಾಲ್ವ್‌ನವು ವಿಶೇಷವಾಗಿ, ಅಲೆಯನ್ನು ತಲೆಕೆಳಗು ಮಾಡಿ ಹೊರಗೆ ಕಳಿಸುತ್ತವೆ. ಸ್ಟೀರಿಯೊದಲ್ಲಿ ಎರಡೂ ಚಾನೆಲ್ ಒಟ್ಟಿಗೆ ತಲೆಕೆಳಗಾಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಮಧ್ಯದ ಸ್ಪೀಕರ್ ಮುಂದಕ್ಕೆ ತಳ್ಳುವಾಗ ಎಡಬಲದವು ಹಿಂದಕ್ಕೆ ಎಳೆಯುತ್ತವೆ, ಮಂದ್ರ ಸೊರಗುತ್ತದೆ, ಪರದೆಯ ಉದ್ದಕ್ಕೂ ಓಡಬೇಕಾದ ಕಾರು ನಡುವೆ ಎಲ್ಲೋ ಮಾಯವಾಗುತ್ತದೆ. ಮದ್ದು ಸುಲಭ, ಎಡ ಬಲ ಎರಡೂ ಸ್ಪೀಕರ್‌ಗಳಲ್ಲಿ ಕೆಂಪು ಕಪ್ಪು ತಂತಿಗಳನ್ನು ಅದಲು ಬದಲು ಮಾಡುವುದು.

ಸಬ್‌ವೂಫರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿನಿಮಾದಲ್ಲಿ ರಿಸೀವರ್ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಎಲ್ಲ ಸ್ಪೀಕರ್‌ಗಳಿಂದ ಕಿತ್ತು ಸಬ್‌ವೂಫರ್‌ಗೆ ಕಳಿಸುತ್ತದೆ. ಪ್ರೀಆಂಪ್‌ನಲ್ಲಿ ಹೆಚ್ಚಾಗಿ ಆ ವ್ಯವಸ್ಥೆ ಇಲ್ಲ, ಹಾಗಾಗಿ ಸಂಗೀತದಲ್ಲಿ ಸಬ್‌ವೂಫರ್ ಮೌನ. ಎತ್ತರದ ಟವರ್ ಸ್ಪೀಕರ್ ಇದ್ದವರು ಹಾಗೇ ಬಿಡಿ. ನಮ್ಮ ಸಂಗೀತದ ಬಹುಪಾಲಿಗೆ, ಮೃದಂಗದ ಎಡದ ಗುಮ್ಮು ಸೇರಿ, ಅದರಿಂದ ಕೊರತೆಯಾಗದು. ಪುಸ್ತಕದ ಕಪಾಟಿನ ಮೇಲಿಡುವ ಸಣ್ಣ ಸ್ಪೀಕರ್ ಇದ್ದವರು ಎಲ್‌ಎಫ್‌ಇ ಇನ್‌ಪುಟ್ ಜೊತೆಗೆ ಸ್ಪೀಕರ್ ಮಟ್ಟದ ಇನ್‌ಪುಟ್ಟೂ ಇರುವ, ಎರಡನ್ನೂ ಏಕಕಾಲಕ್ಕೆ ತೆಗೆದುಕೊಳ್ಳುವ ಸಬ್‌ವೂಫರ್ ನೋಡಬೇಕು. ಮೊದಲನೆಯದಕ್ಕೆ ರಿಸೀವರ್, ಎರಡನೆಯದಕ್ಕೆ ಪವರ್ ಆಂಪ್.

ಇನ್ನು ಗುಂಯ್‌ಗುಟ್ಟುವ ಹಮ್. ಇಷ್ಟೆಲ್ಲ ಸರಿಯಾಗಿ ಮಾಡಿದವರನ್ನು ಕೊನೆಗೆ ಸೋಲಿಸುವುದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿನಿಮಾದಲ್ಲಿ ಇದು ಗಮನಕ್ಕೇ ಬರದಿರಬಹುದು. ಆಲಾಪದ ಮೊದಲ ಕ್ಷಣದಲ್ಲಿ, ತಂಬೂರಿ ಮಾತ್ರ ಮಿಡಿಯುವಾಗ ತಪ್ಪದೆ ಕೇಳುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಹಮ್ 50ರಲ್ಲಿ ಮತ್ತು ಅದರ ದುಪ್ಪಟ್ಟು 100ರಲ್ಲಿ ಬರುತ್ತದೆ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು 131 ಹರ್ಟ್ಸ್; ಅವರ ತಂಬೂರಿಯ ಮಂದ್ರ ಪಂಚಮದ ತಂತಿ ಸುಮಾರು 98. ಆ 98ರ ಪಕ್ಕದಲ್ಲಿ 100ರ ಹಮ್ ನಿಂತರೆ ಎರಡೂ ಒಂದರ ಮೇಲೊಂದು ಬಿದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿ ಅಪಶ್ರುತಿಯಾದಂತೆ ಕೇಳುತ್ತದೆ. ಮಲ್ಲಿಕಾರ್ಜುನ ಮನ್ಸೂರರನ್ನೋ ಭೀಮಸೇನ ಜೋಶಿಯವರನ್ನೋ ಕೇಳಲೆಂದು ಇಷ್ಟು ಖರ್ಚು ಮಾಡಿದವರಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ.

ಮೂಲ ಎಲ್ಲಿ? ರಿಸೀವರ್‌ಗೆ ಸಾಮಾನ್ಯವಾಗಿ ಎರಡು ಪಿನ್ನಿನ ಪ್ಲಗ್, ಅದಕ್ಕೆ ತನ್ನದೇ ಅರ್ಥಿಂಗ್ ಇಲ್ಲ. ಪವರ್ ಆಂಪ್‌ಗೆ ಮೂರು ಪಿನ್, ಅರ್ಥಿಂಗ್ ಇದೆ. ಇವೆರಡೇ ಇದ್ದರೆ ಬಹುಮಟ್ಟಿಗೆ ಶಾಂತಿ. ತಾರಸಿಯ ಡಿಶ್‌ನಿಂದಲೋ ಬೀದಿಯ ಕೇಬಲ್‌ನಿಂದಲೋ ಬರುವ ದಪ್ಪ ವೈರ್ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಸೇರಿದಾಗ ಹೊರಗಿನ ಎಲ್ಲಿಂದಲೋ ಇನ್ನೊಂದು ಅರ್ಥ್ ಒಳಬರುತ್ತದೆ. ಎರಡು ಅರ್ಥ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ, ಅದರಿಂದ ಹುಟ್ಟುವ ಕರೆಂಟ್ ನಾವು ಹೊಸದಾಗಿ ಹಾಕಿದ ಪ್ರೀ-ಔಟ್ ಕೇಬಲ್‌ನ ಹೊರಕವಚದಲ್ಲಿ ಹರಿಯುತ್ತದೆ. ರಿಸೀವರ್ ಒಂದೇ ಇದ್ದಾಗ ಇರದ ಹಮ್ ಪ್ರೀಆಂಪ್ ಬಂದ ದಿನವೇ ಶುರುವಾಗುವುದು ಇದಕ್ಕೇ. ಜನ ಪ್ರೀಆಂಪನ್ನು ಬೈಯುತ್ತಾರೆ, ಪಾಪ, ಅದರ ತಪ್ಪಿಲ್ಲ.

ಪತ್ತೆ ಮಾಡುವ ಕ್ರಮ ಹೀಗಿರಲಿ: ವಾಲ್ಯೂಮ್ ಇಳಿಸಿ, ಪವರ್ ಆಂಪ್ ಆಫ್ ಮಾಡಿ, ಸೆಟ್‌ಟಾಪ್ ಬಾಕ್ಸ್‌ನ ಡಿಶ್ ವೈರನ್ನು ತಿರುಗಿಸಿ ಕಳಚಿ, ಮತ್ತೆ ಆನ್ ಮಾಡಿ ಕೇಳಿ. ಹಮ್ ನಿಂತಿದ್ದರೆ ಕಳ್ಳ ಸಿಕ್ಕ. ಆ ವೈರ್‌ಗೆ ಹಾಕುವ ಗ್ರೌಂಡ್ ಐಸೊಲೇಟರ್ ಸಿಗುತ್ತದೆ. ಡಿಶ್‌ನದಾದರೆ ಆ್ಯಂಟೆನಾಕ್ಕೆ ಹೋಗುವ ಕರೆಂಟನ್ನು ತಡೆಯದಂಥದ್ದೇ ಬೇಕು, ಇಲ್ಲದಿದ್ದರೆ ಚಾನೆಲ್ಲೇ ಬರುವುದಿಲ್ಲ. ನಿಲ್ಲದಿದ್ದರೆ ಕಂಪ್ಯೂಟರಿನ ಎಚ್‌ಡಿಎಂಐ ಕಳಚಿ ನೋಡಿ. ಯಾವುದಕ್ಕೂ ಬಗ್ಗದಿದ್ದರೆ ರಿಸೀವರ್ ಮತ್ತು ಪ್ರೀಆಂಪ್ ನಡುವಿನ ಕೇಬಲ್‌ನಲ್ಲಿ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದು ಸಿನಿಮಾದ ದಾರಿಯಲ್ಲಿ ಮಾತ್ರ ಇರುತ್ತದೆ, ಸಂಗೀತದ ದಾರಿ ಮುಟ್ಟುವುದಿಲ್ಲ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಾಕೆಟ್‌ನಿಂದ, ಒಳ್ಳೆಯ ಒಂದೇ ಸ್ಪೈಕ್ ಬಸ್ಟರ್‌ನಿಂದ ಕರೆಂಟ್ ಕೊಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಪವರ್ ಆಂಪ್‌ನ ಮೂರನೇ ಪಿನ್ ಮುರಿದು ಹಮ್ ನಿಲ್ಲಿಸುವ ಸಲಹೆ ಅಂಗಡಿಗಳಲ್ಲೂ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಒಳಗೆ 230 ವೋಲ್ಟ್ ತಂತಿ ಕವಚಕ್ಕೆ ತಾಗಿದ ದಿನ ಫ್ಯೂಸ್ ಹಾರಿಸಿ ಜೀವ ಉಳಿಸುವುದು ಆ ಪಿನ್ನೇ. ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಬರುವ ಕರಕರ ಬೇರೆ ಜಾತಿಯದು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಟ್ರಾನ್ಸ್‌ಫಾರ್ಮರ್‌ಗಳೇ ನಡುಗುತ್ತವೆ, ಸೈನ್ ವೇವ್ ಇನ್ವರ್ಟರೇ ಅದಕ್ಕೆ ಮದ್ದು.

ಕಡೆಯದಾಗಿ ಮನೆಯವರ ವಿಷಯ, ನನಗೆ ಇದು ಧ್ವನಿಯಷ್ಟೇ ಮುಖ್ಯ. ವಾರ್ತೆ ಹಾಕಲು ಅಮ್ಮ ಮೂರು ಪೆಟ್ಟಿಗೆ ಆನ್ ಮಾಡಿ, ಎರಡು ರಿಮೋಟ್ ಹಿಡಿಯಬೇಕಾದರೆ ಜೋಡಣೆ ಇನ್ನೂ ಮುಗಿದಿಲ್ಲ. ಅನೇಕ ರಿಸೀವರ್, ಪ್ರೀಆಂಪ್, ಪವರ್ ಆಂಪ್‌ಗಳಲ್ಲಿ 12 ವೋಲ್ಟ್ ಟ್ರಿಗರ್ ಎಂಬ ಪುಟ್ಟ 3.5 ಮಿಲಿಮೀಟರ್ ಜ್ಯಾಕ್ ಇರುತ್ತದೆ. ರಿಸೀವರ್‌ನಿಂದ ಪ್ರೀಆಂಪ್‌ಗೆ, ಪ್ರೀಆಂಪ್‌ನಿಂದ ಪವರ್ ಆಂಪ್‌ಗೆ ಒಂದೊಂದು ಕೇಬಲ್ ಎಳೆದರೆ, ಟ್ರಿಗರ್ ಬಂದಾಗ ತಾನಾಗಿ ಬೈಪಾಸ್‌ಗೆ ಹೋಗುವ ಪ್ರೀಆಂಪ್‌ನಲ್ಲಿ ರಿಸೀವರ್ ಆನ್ ಆದ ಕೂಡಲೇ ಉಳಿದದ್ದೆಲ್ಲ ತಾನೇ ನಡೆಯುತ್ತದೆ. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳಿದ್ದರೆ ಒಂದರ ರಿಮೋಟ್‌ಗೆ ಇನ್ನೊಂದೂ ಓಗೊಡುವುದುಂಟು, ಮೆನುವಿನಲ್ಲಿ ರಿಮೋಟ್ ಐಡಿ ಬದಲಿಸಿ. ಕೈಯಿಂದ ಆನ್ ಮಾಡುವವರು ಪವರ್ ಆಂಪನ್ನು ಕೊನೆಗೆ ಆನ್ ಮಾಡಲಿ, ಮೊದಲು ಆಫ್ ಮಾಡಲಿ; ಸ್ಪೀಕರ್‌ನಲ್ಲಿ ಧೊಪ್ ಎಂಬ ಸದ್ದು ತಪ್ಪುತ್ತದೆ.

ಎಲ್ಲ ಆದ ಮೇಲೆ ಪರೀಕ್ಷೆಗೆ ಅರವತ್ತರ ದಶಕದ ಒಂದು ಕನ್ನಡ ಚಿತ್ರಗೀತೆ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಆ ಕಾಲದ ಹಾಡುಗಳು ಮೋನೊ, ಎರಡೂ ಸ್ಪೀಕರ್‌ಗೆ ಒಂದೇ ದನಿ. ಪ್ರೀಆಂಪ್‌ನಲ್ಲಿ ಕೇಳಿ, ಆಮೇಲೆ ಅದೇ ಹಾಡನ್ನು ರಿಸೀವರ್‌ನಿಂದ ಸ್ಟೀರಿಯೊ ಮೋಡ್‌ನಲ್ಲಿ ಬೈಪಾಸ್ ಮೂಲಕ ಕೇಳಿ. ಎರಡೂ ಸಲ ದನಿ ಟಿವಿಯ ನಟ್ಟನಡುವೆ ನಿಂತಿರಬೇಕು. ಪ್ರೀಆಂಪ್‌ನಲ್ಲಿ ಮಾತ್ರ ಒಂದು ಬದಿಗೆ ವಾಲಿದರೆ ನಾಬಿನ ಅಸಮತೋಲ, ಬೈಪಾಸ್‌ನಲ್ಲಿ ಮಾತ್ರ ವಾಲಿದರೆ ರಿಸೀವರ್‌ನ ಎಡಬಲದ ಮಟ್ಟ ಹೊಂದಿಲ್ಲ, ಎರಡರಲ್ಲೂ ವಾಲಿದರೆ ಸ್ಪೀಕರ್ ಇಟ್ಟ ಜಾಗ ಸರಿಯಿಲ್ಲ. ಎಲ್ಲಿ ನಿಂತಿದೆ ಎಂದೇ ತಿಳಿಯದೆ ದನಿ ಕೋಣೆಯೆಲ್ಲ ಚೆದುರಿದ್ದರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ತಂತಿ ಅದಲು ಬದಲಾಗಿದೆ, ಆಂಪ್ ಆಫ್ ಮಾಡಿ ಸರಿಪಡಿಸಿ.